ಔಷಧಿ ಹೊಡೆಯುವ ಮುನ್ನ: ಕೀಟಗಳ ಘ್ರಾಣಶಕ್ತಿಯನ್ನು ಮನುಷ್ಯ ಅರಿತ ಕಥೆ

ಬೇಸಿಗೆಯ ದಿನಗಳಲ್ಲಿ ಅಮೆರಿಕದ ಪೂರ್ವ ಭಾಗದ ರಸ್ತೆಗಳಲ್ಲಿ ಓಡಾಡುವ ನಮ್ಮ ಸದಸ್ಯ ಕುಟುಂಬಗಳು ಮರಗಳಿಗೆ ಕಟ್ಟಿದ ಪುಟ್ಟ ರಟ್ಟಿನ ಪೆಟ್ಟಿಗೆಗಳನ್ನು ಕಂಡಿರಬಹುದು. ಕಿತ್ತಳೆ ಅಥವಾ ಹಸಿರು ಬಣ್ಣ, ಗುಡಾರದ ಆಕಾರ, ಒಳಗೋಡೆಗೆ ಸವರಿದ ಅಂಟು, ನಡುವೆ ಒಂದು ಸಣ್ಣ ಪಟ್ಟಿ. ಆ ಪಟ್ಟಿಯನ್ನು ಮೂಗಿಗೆ ಹಿಡಿದರೂ ನಮಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ಆದರೆ ಒಂದು ಜಾತಿಯ ಗಂಡು ಪತಂಗಕ್ಕೆ ಅದು ದೂರದಿಂದಲೇ ಕೇಳಿಬರುವ ಕರೆ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಸರ್ಕಾರದ ಸಿಬ್ಬಂದಿಯೊಬ್ಬರು ಬಂದು ಪೆಟ್ಟಿಗೆಯನ್ನು ಬಿಚ್ಚಿ, ಅಂಟಿಕೊಂಡ ಪತಂಗಗಳನ್ನು ಎಣಿಸಿ, ಬರೆದುಕೊಂಡು ಹೋಗುತ್ತಾರೆ.

ನಮ್ಮ ಊರುಗಳಲ್ಲಿ ಕೀಟನಾಶಕವನ್ನು ಯಾರೂ ವಿಷವೆಂದು ಕರೆಯುವುದಿಲ್ಲ, ‘ಔಷಧಿ’ ಎನ್ನುತ್ತಾರೆ. ‘ಹತ್ತಿಗೆ ಔಷಧಿ ಹೊಡೆಯಬೇಕು’, ‘ಮಾವಿಗೆ ಔಷಧಿ ಹೊಡೆಸಿದೆವು’ ಎಂಬುದು ದಿನನಿತ್ಯದ ಮಾತು. ವೈದ್ಯವೃತ್ತಿಯಲ್ಲಿರುವ ನನಗೆ ಈ ಮಾತು ಬಹುಕಾಲದಿಂದ ಕುತೂಹಲ ಹುಟ್ಟಿಸಿದೆ. ಅದು ಔಷಧಿಯೇ ಆಗಿದ್ದರೆ ಅದಕ್ಕೂ ಮೊದಲು ರೋಗನಿದಾನ ಆಗಬೇಕಲ್ಲವೆ? ಯಾವ ಕೀಟ, ಎಷ್ಟು ಸಂಖ್ಯೆಯಲ್ಲಿ, ಯಾವಾಗ ಬಂದಿದೆ ಎಂಬುದನ್ನು ತಿಳಿಯದೆ ಪಂಚಾಂಗ ನೋಡಿ ಸಿಂಪಡಿಸುವುದು, ನಾಡಿ ಹಿಡಿಯದೆ ಮದ್ದು ಕೊಟ್ಟಂತೆ. ರಸ್ತೆಬದಿಯ ಆ ರಟ್ಟಿನ ಪೆಟ್ಟಿಗೆ ನಿದಾನದ ಉಪಕರಣ. ಅದು ಮನುಷ್ಯನ ಕೈಗೆ ಬರಲು ನೂರು ವರ್ಷಗಳಷ್ಟು ಕಾಲ ಹಿಡಿಯಿತು.

ಮೆಡ್‌ಫರ್ಡ್ ಊರಿನ ಅತಿಥಿ

ಕಥೆ ಆರಂಭವಾಗುವುದು ರೇಷ್ಮೆಯ ಆಸೆಯಿಂದ. ಎಟಿಯೆನ್ ಲಿಯೋಪೋಲ್ಡ್ ಟ್ರೂವೆಲೊ ಎಂಬ ಫ್ರೆಂಚ್ ಮೂಲದ ಕಲಾವಿದ ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ ಬಳಿಯ ಮೆಡ್‌ಫರ್ಡ್‌ನಲ್ಲಿ ನೆಲೆಸಿದ್ದ. ಆ ಕಾಲದಲ್ಲಿ ಯುರೋಪಿನ ರೇಷ್ಮೆಹುಳುಗಳು ಪೆಬ್ರಿನ್ ರೋಗಕ್ಕೆ ತುತ್ತಾಗಿ ಉದ್ಯಮ ತತ್ತರಿಸುತ್ತಿತ್ತು. ಬೇರೆ ಪತಂಗಗಳಿಂದಲೂ ರೇಷ್ಮೆ ತೆಗೆಯಬಹುದೇ ಎಂದು ಪ್ರಯೋಗ ನಡೆಸುತ್ತಿದ್ದ ಟ್ರೂವೆಲೊ, 1860ರ ದಶಕದ ಕೊನೆಯಲ್ಲಿ ಯುರೋಪಿನಿಂದ ಜಿಪ್ಸಿ ಮಾತ್ ಎಂಬ ಪತಂಗವನ್ನು ತರಿಸಿಕೊಂಡ. ಅವುಗಳಲ್ಲಿ ಕೆಲವು ಅವನ ಮನೆಯಿಂದ ತಪ್ಪಿಸಿಕೊಂಡು ಹೊರಗಿನ ಮರಗಳನ್ನು ಸೇರಿದವು. ಮುಂದೆ ಟ್ರೂವೆಲೊ ಕೀಟಗಳನ್ನು ಬಿಟ್ಟು ಆಕಾಶಕಾಯಗಳ ಚಿತ್ರ ಬರೆಯುವುದರಲ್ಲಿ ಹೆಸರು ಮಾಡಿದ. ಪತಂಗಗಳು ಮಾತ್ರ ಅಲ್ಲೇ ಉಳಿದವು.

ಇಪ್ಪತ್ತು ವರ್ಷಗಳ ನಂತರ, 1889ರ ಬೇಸಿಗೆಯಲ್ಲಿ, ಮೆಡ್‌ಫರ್ಡಿನ ಮರಗಳಲ್ಲಿ ಎಲೆಗಳೇ ಉಳಿಯಲಿಲ್ಲ. ಕಂಬಳಿಹುಳುಗಳು ಬೇಲಿ, ಕಾಲುದಾರಿ, ಮನೆಯ ಗೋಡೆಗಳನ್ನೆಲ್ಲ ಮುಚ್ಚಿದವು. ಮರುವರ್ಷ ರಾಜ್ಯ ಸರ್ಕಾರ ಹಣ ಒದಗಿಸಿ ನಿರ್ಮೂಲನದ ಕೆಲಸ ಹಿಡಿಯಿತು. ಕೈಗೆ ಸಿಕ್ಕಿದ ಅಸ್ತ್ರವೆಂದರೆ ‘ಪ್ಯಾರಿಸ್ ಗ್ರೀನ್’ ಎಂಬ ಆರ್ಸೆನಿಕ್ ಸಂಯುಕ್ತ. ಅದು ಎಲೆಗಳನ್ನೇ ಸುಡುತ್ತಿದ್ದುದರಿಂದ 1892ರ ಸುಮಾರಿಗೆ ಅಲ್ಲಿಯೇ ಸೀಸದ ಆರ್ಸೆನೇಟನ್ನು ಸಿದ್ಧಪಡಿಸಲಾಯಿತು. ಸೀಸವೂ ವಿಷ, ಆರ್ಸೆನಿಕ್ಕೂ ವಿಷ. ಎರಡನ್ನೂ ಸೇರಿಸಿ ಊರಿನ ಮರಗಳಿಗೆ ಎರಚಲಾಯಿತು. ಮುಂದೆ ಅದೇ ಮಿಶ್ರಣ ದೇಶದ ಸೇಬಿನ ತೋಟಗಳನ್ನೆಲ್ಲ ವ್ಯಾಪಿಸಿತು.

ಅದೇ ನಿರ್ಮೂಲನ ಕಾರ್ಯದಲ್ಲಿ ತೊಡಗಿದ್ದವರು ಇನ್ನೊಂದು ಸಂಗತಿಯನ್ನೂ ಗಮನಿಸಿದ್ದರು. ಈ ಜಾತಿಯ ಹೆಣ್ಣು ಪತಂಗ ಹಾರುವುದಿಲ್ಲ. ಮರದ ತೊಗಟೆಯ ಮೇಲೆ ಕುಳಿತಿರುತ್ತದೆ, ಗಂಡು ಹುಡುಕಿಕೊಂಡು ಬರುತ್ತದೆ. ಜೀವಂತ ಹೆಣ್ಣನ್ನು ಬೋನಿನಲ್ಲಿಟ್ಟರೆ ಗಂಡುಗಳು ಬಂದು ಬಲೆಗೆ ಬೀಳುತ್ತವೆ ಎಂಬುದನ್ನು 1890ರ ದಶಕದಲ್ಲಿಯೇ ಪರೀಕ್ಷಿಸಿ ನೋಡಿದ್ದರು. ಆದರೆ ಗಂಡನ್ನು ಕರೆಯುತ್ತಿದ್ದುದು ಏನು ಎಂಬ ಪ್ರಶ್ನೆಗೆ ಉತ್ತರ ಯಾರಲ್ಲಿಯೂ ಇರಲಿಲ್ಲ.

ಫ್ರಾನ್ಸಿನ ಒಂದು ರಾತ್ರಿ

ಆ ಪ್ರಶ್ನೆಯನ್ನು ಬೆನ್ನುಹತ್ತಿದವನು ದಕ್ಷಿಣ ಫ್ರಾನ್ಸಿನ ಸೆರಿನ್ಯಾನ್ ಗ್ರಾಮದಲ್ಲಿದ್ದ ಜೀನ್ ಆನ್ರಿ ಫಾಬ್ರ್. ಶಾಲಾ ಉಪಾಧ್ಯಾಯನಾಗಿದ್ದು, ಉಳಿದ ಬದುಕನ್ನು ಮನೆಯ ಹಿತ್ತಲಿನ ಕೀಟಗಳಿಗೆ ಮೀಸಲಿಟ್ಟ ಮನುಷ್ಯ. ಮೇ ತಿಂಗಳ ಒಂದು ಬೆಳಿಗ್ಗೆ ಅವನ ಕೋಣೆಯಲ್ಲಿ ಗೂಡೊಡೆದು ಒಂದು ಹೆಣ್ಣು ಪತಂಗ ಹೊರಬಂತು. ‘ಗ್ರೇಟ್ ಪೀಕಾಕ್’ ಎಂದು ಕರೆಯುವ ಇದು ಯುರೋಪಿನ ಅತಿ ದೊಡ್ಡ ಪತಂಗ. ಫಾಬ್ರ್ ಅದನ್ನು ತಂತಿಬಲೆಯ ಮುಚ್ಚಳದಡಿ ಇಟ್ಟ. ರಾತ್ರಿ ಒಂಬತ್ತರ ಹೊತ್ತಿಗೆ ಅವನ ಚಿಕ್ಕ ಮಗ ಕೂಗಿಕೊಂಡ: ಕೋಣೆಯ ತುಂಬ ಹಕ್ಕಿಯಷ್ಟು ದೊಡ್ಡ ಪತಂಗಗಳು! ಆ ರಾತ್ರಿ ಸುಮಾರು ನಲವತ್ತು ಗಂಡುಗಳು ಕತ್ತಲಲ್ಲಿ, ಮರಗಿಡಗಳ ನಡುವೆ ದಾರಿ ಮಾಡಿಕೊಂಡು ಆ ಮನೆಗೆ ಬಂದಿದ್ದವು. ಎಂಟು ರಾತ್ರಿಗಳಲ್ಲಿ ಬಂದವು ನೂರೈವತ್ತು. ಆ ಪ್ರದೇಶದಲ್ಲಿ ಅಪರೂಪವಾದ ಪತಂಗ ಇಷ್ಟೊಂದು ಸಂಖ್ಯೆಯಲ್ಲಿ ಬರಬೇಕಾದರೆ ಬಹುದೂರದಿಂದಲೇ ಬಂದಿರಬೇಕು.

ಫಾಬ್ರ್ ಹೆಣ್ಣನ್ನು ಬೇರೆ ಬೇರೆ ಕೋಣೆಗಳಿಗೆ ಸಾಗಿಸಿದ. ಗಂಡುಗಳು ಹುಡುಕಿಕೊಂಡು ಬಂದವು. ಕೆಲವು ಗಂಡುಗಳ ಕುಡಿಮೀಸೆ ಕತ್ತರಿಸಿ ನೋಡಿದ. ಸುತ್ತಲೂ ನುಸಿಗುಳಿಗೆಯ ನಾಫ್ತಲೀನ್ ಇಟ್ಟು ಬೇರೆ ವಾಸನೆಯನ್ನು ಮುಚ್ಚಿಹಾಕಲು ಯತ್ನಿಸಿದ. ಅದಕ್ಕೂ ಅವು ಜಗ್ಗಲಿಲ್ಲ. ಹೆಣ್ಣನ್ನು ಗಾಳಿಯಾಡದಂತೆ ಮುಚ್ಚಿಟ್ಟಾಗ ಮಾತ್ರ ಒಂದೂ ಬರಲಿಲ್ಲ. ಆದರೂ ಇದು ವಾಸನೆಯೇ ಎಂದು ನಂಬಲು ಅವನ ಮನಸ್ಸು ಹಿಂಜರಿಯಿತು. ಮನುಷ್ಯನ ಮೂಗಿಗೆ ಸ್ವಲ್ಪವೂ ಹತ್ತದ ವಾಸನೆ ಹೊಲಗಳಾಚೆಗೆ ಹರಡುವುದಾದರೂ ಹೇಗೆ?

ಸಂಶಯವನ್ನು ಬಗೆಹರಿಸಿದ್ದು ಇನ್ನೊಂದು ಪತಂಗ. ಅದರ ಹೆಣ್ಣನ್ನು ಗಾಜಿನ ಮುಚ್ಚಳದಡಿ ಎಲ್ಲರಿಗೂ ಕಾಣುವಂತೆ ಕಿಟಕಿಯ ಬಳಿ ಇಟ್ಟಿದ್ದ. ಹಿಂದಿನ ರಾತ್ರಿ ಅದು ಕುಳಿತಿದ್ದ ತಟ್ಟೆಯನ್ನು ಕೋಣೆಯ ಮೂಲೆಯಲ್ಲಿ ಬಿಟ್ಟಿದ್ದ. ಬಂದ ಗಂಡುಗಳೆಲ್ಲ ಕಣ್ಣೆದುರಿನ ಹೆಣ್ಣನ್ನು ದಾಟಿಹೋಗಿ ಖಾಲಿ ತಟ್ಟೆಯ ಸುತ್ತ ಮುತ್ತಿದವು. ಹೆಣ್ಣು ಕುಳಿತೆದ್ದ ಓಕ್ ರೆಂಬೆಯನ್ನಿಟ್ಟಾಗಲೂ ಅದೇ ಆಯಿತು. ನಮ್ಮ ಭಾಷೆಯಲ್ಲಿ ‘ವಾಸನೆ’ ಎಂಬ ಪದಕ್ಕೆ ಮೂಗಿಗೆ ಹತ್ತುವ ಗಂಧವೆಂಬ ಅರ್ಥದೊಂದಿಗೆ, ವಸ್ತು ಹೋದ ಮೇಲೂ ಉಳಿಯುವ ಸಂಸ್ಕಾರ ಎಂಬ ಅರ್ಥವೂ ಉಂಟು. ಫಾಬ್ರ್ ಆ ರೆಂಬೆಯಲ್ಲಿ ಕಂಡದ್ದು ಎರಡೂ ಅರ್ಥದ ವಾಸನೆಯನ್ನು. ಈ ಪ್ರಯೋಗಗಳ ವಿವರವನ್ನು ಅವನು 1900ರಲ್ಲಿ ಪ್ರಕಟವಾದ ತನ್ನ ಕೀಟಸಂಸ್ಮರಣೆಗಳ ಏಳನೆಯ ಸಂಪುಟದಲ್ಲಿ ಬರೆದಿದ್ದಾನೆ.

ಪೂಸಾದಲ್ಲಿ ದೊರೆತ ಸುಳಿವು

ಮುಂದಿನ ಹೆಜ್ಜೆ ಇಡಲಾದದ್ದು ಭಾರತದಲ್ಲಿ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಾರದ ಸಂಗತಿ. ಹೆನ್ರಿ ಫಿಪ್ಸ್ ಎಂಬ ಅಮೆರಿಕನ್ ದಾನಿ ಕೊಟ್ಟ ಹಣದ ನೆರವಿನಿಂದ 1905ರಲ್ಲಿ ಬಿಹಾರದ ಪೂಸಾದಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಹುಟ್ಟಿತು. ಇಂದು ದೆಹಲಿಯಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಮೂಲ ಅದೇ. ಅಲ್ಲಿದ್ದ ಕೀಟತಜ್ಞ ಫ್ರಾಂಕ್ ಮಿಲ್ಬರ್ನ್ ಹೌಲೆಟ್‌ಗೆ ಒಂದು ವಿಚಿತ್ರ ಸುದ್ದಿ ಸಿಕ್ಕಿತು. ಸೊಳ್ಳೆ ಬಾರದಿರಲೆಂದು ಸಿಟ್ರೊನೆಲ್ಲಾ ಎಣ್ಣೆ ಬಳಸಿದ ನೆರೆಯವರೊಬ್ಬರಿಗೆ ಬೇರೊಂದು ಬಗೆಯ ನೊಣಗಳು ಮುತ್ತಿಕೊಂಡು ಕಾಟ ಕೊಡುತ್ತಿದ್ದವು. ಹೌಲೆಟ್ ನೋಡಿದಾಗ ಅವು ಹಣ್ಣು ನೊಣಗಳು. ಅವುಗಳಲ್ಲಿ ಎಲ್ಲವೂ ಗಂಡು. 1912ರಲ್ಲಿ ಅವರು ಈ ವಿಷಯವನ್ನು ಪ್ರಕಟಿಸಿದರು. 1915ರ ಹೊತ್ತಿಗೆ ಎಣ್ಣೆಯೊಳಗಿನ ಆಕರ್ಷಕ ವಸ್ತು ಮೀಥೈಲ್ ಯುಜಿನಾಲ್ ಎಂಬುದನ್ನು ಗುರುತಿಸಿದ್ದರು.

ಅರ್ಧ ಶತಮಾನದ ಬಳಿಕ ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ ಅಮೆರಿಕದ ವಿಜ್ಞಾನಿಗಳು ಇದೇ ವಸ್ತುವನ್ನು ಸ್ವಲ್ಪ ಕೀಟನಾಶಕದೊಡನೆ ಬೆರೆಸಿ, ರಟ್ಟಿನಂಥ ಹಲಗೆಯ ತುಂಡುಗಳಿಗೆ ಹೀರಿಸಿ ವಿಮಾನದಿಂದ ಉದುರಿಸಿದರು. ಗಂಡು ನೊಣಗಳು ಅವನ್ನು ತಿಂದು ಸತ್ತವು. ಸಂಗಾತಿ ಇಲ್ಲದೆ ಹೆಣ್ಣುಗಳ ಸಂತತಿ ನಿಂತಿತು. ದ್ವೀಪದಿಂದ ಆ ಜಾತಿಯ ನೊಣವೇ ಅಳಿಯಿತು. ಈ ಯಶಸ್ಸು ವರದಿಯಾದದ್ದು 1965ರಲ್ಲಿ. ಇಂದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ತೂಗುವ ಬಾಟಲಿಯಂಥ ಬಲೆಗಳಲ್ಲಿಯೂ ಪೂಸಾದಲ್ಲಿ ಗುರುತಿಸಿದ ಅದೇ ವಸ್ತು ಇರುತ್ತದೆ. ಹಣ್ಣು ನೊಣದ ಸಮಸ್ಯೆ ತೋಪಿನ ಬೇಲಿಯೊಳಗೇ ನಿಲ್ಲುವಂಥದ್ದಲ್ಲ. 2014ರ ಮೇ ತಿಂಗಳಿಂದ ಯುರೋಪಿಯನ್ ಒಕ್ಕೂಟ ಭಾರತದ ಮಾವಿಗೆ ಬಾಗಿಲು ಹಾಕಿದ್ದಕ್ಕೆ ಮುಖ್ಯ ಕಾರಣ ಹಣ್ಣುಗಳಲ್ಲಿ ಸಿಕ್ಕ ಈ ನೊಣದ ಮರಿಗಳೇ. ಆ ವರ್ಷ ಲಂಡನ್ನಿನ ನಮ್ಮ ಬಂಧುಗಳು ಆಪೂಸು ಸಿಗದೆ ಪರಿತಪಿಸಿದ್ದು ಹಲವರಿಗೆ ನೆನಪಿರಬಹುದು. ನಿಷೇಧ ತೆರವಾದದ್ದು 2015ರಲ್ಲಿ.

ಐದು ಲಕ್ಷ ರೇಷ್ಮೆ ಪತಂಗಗಳು

ಹೌಲೆಟ್ ಕಂಡದ್ದು ಗಿಡದ ಎಣ್ಣೆಯ ವಸ್ತುವನ್ನು. ಕೀಟದ ದೇಹವೇ ತಯಾರಿಸುವ ಕರೆಯ ರಾಸಾಯನಿಕ ಸ್ವರೂಪ ಇನ್ನೂ ಗುಟ್ಟಾಗಿಯೇ ಇತ್ತು. ಅದನ್ನು ಬಿಡಿಸಿದವರು ಜರ್ಮನಿಯ ಅಡಾಲ್ಫ್ ಬುಟೆನಾಂಟ್. ಮನುಷ್ಯನ ಲಿಂಗ ಹಾರ್ಮೋನುಗಳ ಸಂಶೋಧನೆಗಾಗಿ 1939ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತ್ತು. ನಾಜಿ ಸರ್ಕಾರ ಅದನ್ನು ಸ್ವೀಕರಿಸಲು ಬಿಡಲಿಲ್ಲ. ಅದೇ ಸುಮಾರಿಗೆ ಅವರು ಕೀಟಗಳತ್ತ ಹೊರಳಿದರು. ಅವರು ಆರಿಸಿಕೊಂಡದ್ದು ನಮಗೆಲ್ಲ ಚಿರಪರಿಚಿತವಾದ ರೇಷ್ಮೆ ಪತಂಗವನ್ನು. ಕಾರಣ ಸರಳ: ಕಾಡಿನಲ್ಲಿ ಹುಡುಕಬೇಕಾಗಿಲ್ಲ, ರೇಷ್ಮೆ ಉದ್ಯಮ ಅದನ್ನು ಲಕ್ಷಗಟ್ಟಲೆ ಸಾಕುತ್ತದೆ.

ರಾಮನಗರ, ಚನ್ನಪಟ್ಟಣ, ಶಿಡ್ಲಘಟ್ಟದ ಕಡೆಯ ಬಿತ್ತನೆ ಕೋಠಿಗಳನ್ನು ಕಂಡವರಿಗೆ ಮುಂದಿನ ಮಾತು ಹೊಸದಲ್ಲ. ಗೂಡಿನಿಂದ ಹೊರಬಂದ ಹೆಣ್ಣು ಪತಂಗ ಹೊಟ್ಟೆಯ ತುದಿಯ ಗ್ರಂಥಿಯನ್ನು ಹೊರಚಾಚಿ ಸುಮ್ಮನೆ ಕುಳಿತಿರುತ್ತದೆ. ಸಾವಿರಾರು ವರ್ಷ ಮನುಷ್ಯನ ಸಾಕಣೆಯಲ್ಲಿದ್ದು ಹಾರುವುದನ್ನೇ ಮರೆತ ಗಂಡು, ಹತ್ತಿರದಲ್ಲಿ ಹೆಣ್ಣಿದ್ದರೆ ರೆಕ್ಕೆಗಳನ್ನು ಪಟಪಟನೆ ಬಡಿಯುತ್ತ ಸುತ್ತುಹಾಕುತ್ತ ನಡೆದುಹೋಗುತ್ತದೆ. ಬುಟೆನಾಂಟ್ ತಂಡಕ್ಕೆ ಈ ರೆಕ್ಕೆಬಡಿತವೇ ಅಳತೆಗೋಲು. ಹೆಣ್ಣಿನ ಗ್ರಂಥಿಯ ಸಾರವನ್ನು ಭಾಗ ಭಾಗವಾಗಿ ಬೇರ್ಪಡಿಸಿ, ಪ್ರತಿ ಭಾಗದಲ್ಲಿಯೂ ಗಾಜಿನ ಕಡ್ಡಿ ಅದ್ದಿ ಗಂಡಿನ ಮುಂದೆ ಹಿಡಿಯುವುದು. ರೆಕ್ಕೆ ಬಡಿದರೆ ಆ ಭಾಗವನ್ನು ಉಳಿಸಿಕೊಳ್ಳುವುದು, ಬಡಿಯದಿದ್ದರೆ ಬಿಡುವುದು. ಯುದ್ಧ ಬಂತು, ಸಂಸ್ಥೆ ಬರ್ಲಿನ್ನಿನಿಂದ ಟ್ಯೂಬಿಂಗೆನ್‌ಗೆ, ಅಲ್ಲಿಂದ ಮ್ಯೂನಿಕ್‌ಗೆ ಸ್ಥಳಾಂತರವಾಯಿತು, ಕೆಲಸ ಮುಂದುವರಿಯಿತು. ಸುಮಾರು ಇಪ್ಪತ್ತು ವರ್ಷಗಳ ಕೊನೆಗೆ, 5 ಲಕ್ಷದಷ್ಟು ಹೆಣ್ಣು ಪತಂಗಗಳಿಂದ ಶುದ್ಧರೂಪದಲ್ಲಿ ದೊರೆತದ್ದು ಕೆಲವೇ ಮಿಲಿಗ್ರಾಂ. ನಾವು ಜ್ವರಕ್ಕೆ ನುಂಗುವ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆಯನ್ನು ನೂರು ಚೂರು ಮಾಡಿದರೆ ಒಂದೆರಡು ಚೂರಿನ ತೂಕ. ಹದಿನಾರು ಇಂಗಾಲ ಪರಮಾಣುಗಳ ಆ ಮದ್ಯಸಾರಕ್ಕೆ ರೇಷ್ಮೆ ಪತಂಗದ ವೈಜ್ಞಾನಿಕ ನಾಮವಾದ ಬಾಂಬಿಕ್ಸ್‌ನಿಂದ ‘ಬಾಂಬಿಕಾಲ್’ ಎಂದು ಹೆಸರಿಟ್ಟರು. ಅದು 1959ನೆಯ ಇಸವಿ. ಅದೇ ವರ್ಷ ಪೀಟರ್ ಕಾರ್ಲ್‌ಸನ್ ಮತ್ತು ಮಾರ್ಟಿನ್ ಲೂಷರ್ ಇಂಥ ವಸ್ತುಗಳಿಗೆಲ್ಲ ‘ಫೆರೊಮೋನ್’ ಎಂಬ ಸಾಮಾನ್ಯ ಹೆಸರನ್ನು ಸೂಚಿಸಿದರು. ದೇಹದೊಳಗೆ ಸಂದೇಶ ಒಯ್ಯುವುದು ಹಾರ್ಮೋನ್. ಒಂದು ದೇಹದಿಂದ ಅದೇ ಜಾತಿಯ ಇನ್ನೊಂದು ದೇಹಕ್ಕೆ ಒಯ್ಯುವುದು ಫೆರೊಮೋನ್.

ಕುಡಿಮೀಸೆಯ ಕಾರ್ಯವಿಧಾನ

ಸಂದೇಶ ತಿಳಿಯಿತು, ಅದನ್ನು ಓದುವ ಅಂಗ ಹೇಗೆ ಕೆಲಸ ಮಾಡುತ್ತದೆ? 1957ರಲ್ಲಿ ಡೀಟ್ರಿಕ್ ಷ್ನೈಡರ್ ಎಂಬ ಜರ್ಮನ್ ವಿಜ್ಞಾನಿ ಗಂಡು ರೇಷ್ಮೆ ಪತಂಗದ ಕುಡಿಮೀಸೆಯ ಎರಡು ತುದಿಗಳಿಗೆ ವಿದ್ಯುದ್ವಾರ ಜೋಡಿಸಿ, ಅದರ ಮೇಲೆ ಹೆಣ್ಣಿನ ವಾಸನೆಯ ಗಾಳಿ ಬೀಸಿದರು. ವಿದ್ಯುತ್ ರೇಖೆ ಕೆಳಕ್ಕೆ ಬಾಗಿತು. ಹೃದಯಕ್ಕೆ ಇಸಿಜಿ ಹೇಗೋ ಕುಡಿಮೀಸೆಗೆ ಇದು ಹಾಗೆ.

ಗಂಡು ಪತಂಗದ ಕುಡಿಮೀಸೆ ಬಾಚಣಿಗೆಯಂತಿರುತ್ತದೆ. ಒಂದೊಂದರ ಮೇಲೂ ಬಾಂಬಿಕಾಲ್ ಹಿಡಿಯುವ ಸುಮಾರು 17,000 ಸೂಕ್ಷ್ಮ ರೋಮಗಳಿವೆ. ರೋಮದ ಗೋಡೆಯಲ್ಲಿ ಅತಿಸಣ್ಣ ರಂಧ್ರಗಳು, ಒಳಗೆ ದ್ರವ. ಬಾಂಬಿಕಾಲ್ ಎಣ್ಣೆಯ ಸ್ವಭಾವದ್ದು, ನೀರಿನಲ್ಲಿ ಸುಲಭವಾಗಿ ಕರಗದು. ಆದುದರಿಂದ ದ್ರವದೊಳಗಿನ ವಿಶೇಷ ಪ್ರೋಟೀನೊಂದು ಅದನ್ನು ಹೊತ್ತು ನರಕೋಶದ ಮೇಲಿನ ಗ್ರಾಹಕಕ್ಕೆ ತಲುಪಿಸುತ್ತದೆ. ಗ್ರಾಹಕ ಬಾಗಿಲು ತೆರೆದಾಗ ನರದಲ್ಲಿ ವಿದ್ಯುತ್ ಮಿಡಿತ ಹುಟ್ಟುತ್ತದೆ. ಕೆಲಸ ಮುಗಿದೊಡನೆ ಕಿಣ್ವಗಳು ಆ ವಸ್ತುವನ್ನು ಒಡೆದುಹಾಕುತ್ತವೆ. ಹಳೆಯ ವಾಸನೆ ಅಳಿಯದಿದ್ದರೆ ಹೊಸತು ತಿಳಿಯುವುದಿಲ್ಲವಷ್ಟೆ. ಒಂದು ನರಮಿಡಿತಕ್ಕೆ ಬಾಂಬಿಕಾಲ್‌ನ ಒಂದೇ ಒಂದು ಅಣು ಸಾಕೆಂದು 1970ರಲ್ಲಿ ಕೈಸ್ಲಿಂಗ್ ಮತ್ತು ಪ್ರೀಸ್ನರ್ ಲೆಕ್ಕಹಾಕಿ ತೋರಿಸಿದರು. ನಮ್ಮ ಮೂಗಿನ ಗ್ರಾಹಕ ಕೋಶದೊಳಗೆ ಹಲವು ಹಂತಗಳ ಮೂಲಕ ಸುದ್ದಿ ಮುಟ್ಟಿಸುತ್ತದೆ; ಕೀಟದ ಗ್ರಾಹಕ ತಾನೇ ಅಯಾನುಗಳು ನುಗ್ಗುವ ಬಾಗಿಲು ಎಂಬುದು 2008ರಲ್ಲಿ ತಿಳಿಯಿತು.

ಹಾರುವ ಪತಂಗಗಳಲ್ಲಿ ಗಾಳಿಯೂ ಪಾಲುಗೊಳ್ಳುತ್ತದೆ. ವಾಸನೆ ಊದುಬತ್ತಿಯ ಹೊಗೆಯಂತೆ ಎಳೆ ಎಳೆಯಾಗಿ ಸಾಗುತ್ತದೆ. ಎಳೆ ತಾಗಿದಾಗ ಗಂಡು ಗಾಳಿಗೆ ಎದುರಾಗಿ ಮುನ್ನುಗ್ಗುತ್ತದೆ. ತಪ್ಪಿದಾಗ ಅಡ್ಡಡ್ಡ ಹಾರಿ ಮತ್ತೆ ಎಳೆಯನ್ನು ಹುಡುಕುತ್ತದೆ. ಫಾಬ್ರ್‌ನ ಮನೆಗೆ ಆ ನಲವತ್ತು ಪತಂಗಗಳು ಬಂದದ್ದು ಹೀಗೆ.

ಡಿಡಿಟಿಯ ಕಾಲ, ಮತ್ತು ಒಂದು ಹುಸಿ ಹೆಜ್ಜೆ

ಇತ್ತ ಅಮೆರಿಕದಲ್ಲಿ ಜಿಪ್ಸಿ ಮಾತ್ ಮುಂದುವರಿಯುತ್ತಲೇ ಇತ್ತು. ಡಿಡಿಟಿಯ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಸಂದಿತ್ತು; ಟೈಫಸ್ ಹಾಗೂ ಮಲೇರಿಯಾ ತಡೆಯುವಲ್ಲಿ ಅದು ಉಳಿಸಿದ ಜೀವಗಳನ್ನು ವೈದ್ಯರಾರೂ ಅಲ್ಲಗಳೆಯಲಾರರು. ಆದರೆ ಅದೇ ಡಿಡಿಟಿಯನ್ನು 1957ರಲ್ಲಿ ಈಶಾನ್ಯ ರಾಜ್ಯಗಳ ಲಕ್ಷಾಂತರ ಎಕರೆಗಳ ಮೇಲೆ, ಲಾಂಗ್ ಐಲೆಂಡಿನ ಮನೆಗಳು, ಹೈನುಗಳು, ಕೊಳಗಳ ಮೇಲೆ ಕೂಡ ವಿಮಾನದಿಂದ ಸುರಿಯಲಾಯಿತು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಈ ಪ್ರಸಂಗವನ್ನು 1962ರಲ್ಲಿ ರೇಚಲ್ ಕಾರ್ಸನ್ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ದಾಖಲಿಸಿದರು. ಅದರ ಕೊನೆಯ ಅಧ್ಯಾಯದಲ್ಲಿ ಬೇರೆ ದಾರಿಗಳನ್ನು ಸೂಚಿಸುತ್ತ, ಜಿಪ್ಸಿ ಮಾತ್‌ನ ಕರೆಯನ್ನು ಹೋಲುವ ‘ಜಿಪ್ಲೂರ್’ ಎಂಬ ಕೃತಕ ವಸ್ತುವಿನ ಬಗ್ಗೆ ಭರವಸೆಯ ಮಾತು ಬರೆದರು.

ಸರ್ಕಾರಿ ರಸಾಯನತಜ್ಞರು 1960ರಲ್ಲಿ ಘೋಷಿಸಿದ್ದ, ಹರಳೆಣ್ಣೆಯ ಅಂಶದಿಂದ ಸುಲಭವಾಗಿ ತಯಾರಿಸಬಹುದಾಗಿದ್ದ ಆ ಜಿಪ್ಲೂರ್ ಹೊಲದಲ್ಲಿ ಸೋತಿತು. ಪತಂಗಗಳು ಬರಲಿಲ್ಲ. ಗುರುತಿಸಿದ ವಸ್ತುವೇ ಸರಿಯಾದುದಲ್ಲವೆಂದು ಮುಂದೆ ತಿಳಿಯಿತು. ನಿಜವಾದ ಕರೆಯನ್ನು 1970ರಲ್ಲಿ ಬಾರ್ಬರಾ ಬಿಯರ್ಲ್, ಮಾರ್ಟನ್ ಬೆರೋಜಾ ಮತ್ತು ಅವರ ಸಹೋದ್ಯೋಗಿ ಕಾಲಿಯರ್ ಬೇರ್ಪಡಿಸಿ ‘ಡಿಸ್ಪಾರ್ಲೂರ್’ ಎಂದು ಹೆಸರಿಸಿದರು. ಎಡಗೈ ಬಲಗೈಗಳಂತೆ ಈ ಅಣುವಿಗೂ ಎರಡು ಪ್ರತಿಬಿಂಬ ರೂಪಗಳಿವೆ. ಒಂದು ಗಂಡನ್ನು ಕರೆಯುತ್ತದೆ. ಇನ್ನೊಂದು ಬೆರೆತರೆ ಕರೆ ಕುಂದುತ್ತದೆ. ಕೀಟದ ಮೂಗು ಅಷ್ಟು ಕಟ್ಟುನಿಟ್ಟು. ಆ ಕಟ್ಟುನಿಟ್ಟೇ ಇದರ ಬೆಲೆ. ಡಿಡಿಟಿ ಜೇನು, ಮೀನು, ಹಕ್ಕಿ ಎಂದು ನೋಡುವುದಿಲ್ಲ. ಡಿಸ್ಪಾರ್ಲೂರ್‌ಗೆ ಜೇನುನೊಣ ತಿರುಗಿಯೂ ನೋಡುವುದಿಲ್ಲ.

ಲೇಖನದ ಆರಂಭದಲ್ಲಿ ಹೇಳಿದ ರಟ್ಟಿನ ಪೆಟ್ಟಿಗೆಯಲ್ಲಿರುವುದು ಈ ಡಿಸ್ಪಾರ್ಲೂರೇ. 2000ದಿಂದ ಅಮೆರಿಕದ ಅರಣ್ಯ ಇಲಾಖೆ ಮತ್ತು ರಾಜ್ಯಗಳು ಸೇರಿ, ಪತಂಗ ಹರಡುತ್ತಿರುವ ಅಂಚಿನುದ್ದಕ್ಕೂ ಸಾವಿರಾರು ಬಲೆಗಳನ್ನಿಟ್ಟು ಎಣಿಸುತ್ತವೆ. ಎಣಿಕೆ ಏರಿದ ತಾಣದಲ್ಲಿ ಮಾತ್ರ ಕ್ರಮ ಕೈಗೊಳ್ಳುತ್ತವೆ. ಬಹುಪಾಲು ಆ ಕ್ರಮವೂ ವಿಷವಲ್ಲ. ಅದೇ ಕರೆಯನ್ನು ಕಾಡಿನ ಗಾಳಿಯ ತುಂಬ ಹರಡಿ, ಗಂಡಿಗೆ ಹೆಣ್ಣಿನ ನೆಲೆ ತಿಳಿಯದಂತೆ ಮಾಡುವುದು. ಜಾತ್ರೆಯ ಗದ್ದಲದಲ್ಲಿ ಕಳೆದ ಮಗುವಿನ ಕೂಗು ತಾಯಿಗೆ ಕೇಳಿಸದಂತೆ. 2022ರಿಂದ ಈ ಪತಂಗವನ್ನು ಇಲ್ಲಿ ‘ಸ್ಪಾಂಜಿ ಮಾತ್’ ಎಂದು ಕರೆಯುತ್ತಾರೆ.

ಹತ್ತಿಯ ಹೊಲದಲ್ಲಿ

ಈ ಅರಿವು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಹತ್ತಿಯ ಹೊಲಗಳಿಗೆ. ಗುಲಾಬಿ ಕಾಯಿಕೊರಕವನ್ನು ವಿಜ್ಞಾನ ಮೊದಲು ಗುರುತಿಸಿದ್ದು ಭಾರತದಲ್ಲಿ. ಗುಜರಾತಿನ ಭರೂಚಿನ ಹತ್ತಿಯಿಂದ ಬಂದ ಮಾದರಿಗಳನ್ನು ನೋಡಿ 1843ರಲ್ಲಿ ಸಾಂಡರ್ಸ್ ಎಂಬಾತ ಅದನ್ನು ವಿವರಿಸಿದ. 1917ರಲ್ಲಿ ಅದು ಅಮೆರಿಕದ ಟೆಕ್ಸಸ್ ತಲುಪಿತು. ಅದರ ಕರೆಯಾದ ‘ಗಾಸಿಪ್ಲೂರ್’ ಪತ್ತೆಯಾದದ್ದು 1973ರಲ್ಲಿ. 1978ರಲ್ಲಿ ಅಮೆರಿಕ ಸರ್ಕಾರ ಬೆಳೆರಕ್ಷಣೆಗೆಂದು ನೋಂದಾಯಿಸಿದ ಮೊದಲ ಫೆರೊಮೋನ್ ಅದು. ಬಿಟಿ ಹತ್ತಿ, ಸಂತಾನಶಕ್ತಿ ಕಳೆದ ಪತಂಗಗಳ ಬಿಡುಗಡೆ, ಫೆರೊಮೋನ್, ಬೆಳೆಯ ಕೂಳೆ ನಾಶ ಇವೆಲ್ಲವನ್ನೂ ಒಟ್ಟಾಗಿ ಬಳಸಿ 2018ರಲ್ಲಿ ಅಮೆರಿಕ ಆ ಕೀಟದಿಂದ ಮುಕ್ತವಾಯಿತೆಂದು ಘೋಷಿಸಿತು. ಭಾರತದಲ್ಲಿ 2002ರಲ್ಲಿ ಬಿಟಿ ಹತ್ತಿ ಬಂತು; ಆದರೆ ಕೆಲವೇ ವರ್ಷಗಳಲ್ಲಿ ಕಾಯಿಕೊರಕ ಅದಕ್ಕೂ ನಿರೋಧಶಕ್ತಿ ಬೆಳೆಸಿಕೊಂಡಿತು. ರಾಯಚೂರು, ಹಾವೇರಿ, ಧಾರವಾಡ ಜಿಲ್ಲೆಗಳ ರೈತರು ಇಂದಿಗೂ ಅದರೊಡನೆ ಹೆಣಗುತ್ತಿದ್ದಾರೆ.

ಮೊಟ್ಟೆಯೊಡೆದ ಮರಿಹುಳು ಸ್ವಲ್ಪ ಹೊತ್ತಿನಲ್ಲೇ ಕಾಯಿಯೊಳಗೆ ಹೊಕ್ಕುಬಿಡುತ್ತದೆ. ಆಮೇಲೆ ಎಷ್ಟು ಸಿಂಪಡಿಸಿದರೂ ಔಷಧಿ ಅದನ್ನು ಮುಟ್ಟದು, ಮುಟ್ಟುವುದು ಸಿಂಪಡಿಸುವವನನ್ನು. ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ ನಾನು ಕಂಡ ತುರ್ತು ವಿಭಾಗಗಳಲ್ಲಿ ಹಂಗಾಮಿನ ದಿನಗಳೆಂದರೆ ಆರ್ಗನೋಫಾಸ್ಫೇಟ್ ವಿಷಬಾಧೆಯ ದಿನಗಳು. ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ, ಬಾಯಲ್ಲಿ ನೊರೆ, ಬೆವರು, ಸೆಳೆಯುವ ಸ್ನಾಯುಗಳು, ಗಂಟೆಗಟ್ಟಲೆ ಅಟ್ರೋಪಿನ್ ಏರಿಸುತ್ತ ಕಾಯುವ ನಾವು, ಬಾಗಿಲ ಬಳಿ ಕೈಮುಗಿದು ನಿಂತ ಮನೆಯವರು. ಕೀಟದ ನರವನ್ನು ಕೆಡಿಸುವ ವಿಷ ಮನುಷ್ಯನ ನರವನ್ನೂ ಅದೇ ರೀತಿಯಲ್ಲಿ ಕೆಡಿಸುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಸಿಂಪಡಿಸುತ್ತಿದ್ದವರಲ್ಲಿ ಸುಮಾರು 20 ಮಂದಿ ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು.

ನಮ್ಮ ಕೃಷಿ ಇಲಾಖೆಯವರು ‘ಮೋಹಕ ಬಲೆ’ ಎಂದು ಕರೆಯುವ ಸಾಧನ ಇಲ್ಲಿ ಜೀವ ಉಳಿಸಬಲ್ಲದು. ಹೊಲದಲ್ಲಿ ಕೆಲವು ಬಲೆಗಳನ್ನಿಟ್ಟು ದಿನವೂ ಎಣಿಸಬೇಕು. ಸತತ ಮೂರು ರಾತ್ರಿ ಬಲೆಯೊಂದಕ್ಕೆ 8 ಪತಂಗ ಬಿದ್ದರೆ ಕ್ರಮ ಕೈಗೊಳ್ಳುವ ಕಾಲ ಬಂತೆಂದು ತಜ್ಞರ ಸಲಹೆ. ಅಲ್ಲಿಯವರೆಗೆ ಸಿಂಪಡಣೆ ಬೇಕಿಲ್ಲ. ತಪ್ಪಿದ ಒಂದೊಂದು ಸಿಂಪಡಣೆಯೂ ರೈತನ ಹಣ, ಹೊಲದ ಜೇನುನೊಣ, ಕೂಲಿಗೆ ಬಂದವನ ಉಸಿರು ಇವು ಮೂರನ್ನೂ ಉಳಿಸುತ್ತದೆ. ಚಿಕ್ಕಮಗಳೂರು, ಕೊಡಗಿನ ಅರೇಬಿಕಾ ಕಾಫಿಯನ್ನು ಕಾಡುವ ಬಿಳಿ ಕಾಂಡಕೊರಕಕ್ಕೂ ಇಂಥ ಬಲೆ ಉಂಟು. ಆ ದುಂಬಿಯಲ್ಲಿ ಕರೆಯುವುದು ಗಂಡು, ಬರುವುದು ಹೆಣ್ಣು ಎಂಬುದೊಂದು ವಿಶೇಷ.

ಬಲೆಯ ಮಿತಿ

ಹಾಗೆಂದು ಬಲೆಯನ್ನು ಮಂತ್ರದಂಡವೆಂದು ಭಾವಿಸಬಾರದು. ನಮ್ಮ ಮನೆಗಳಲ್ಲಿಯೇ ಇದಕ್ಕೆ ಉದಾಹರಣೆಗಳಿವೆ. ಅಕ್ಕಿ, ರವೆ, ರಾಗಿಹಿಟ್ಟಿನ ಕಪಾಟಿನಿಂದ ಹಾರಿಬರುವ ಸಣ್ಣ ಪತಂಗವನ್ನು ಇಲ್ಲಿ ‘ಇಂಡಿಯನ್ ಮೀಲ್ ಮಾತ್’ ಎನ್ನುತ್ತಾರೆ. ಹೆಸರು ಕೇಳಿ ನಮ್ಮ ದಿನಸಿಯ ಮೇಲೆ ಅಪವಾದ ಹೊರಬೇಕಿಲ್ಲ. ‘ಇಂಡಿಯನ್ ಮೀಲ್’ ಎಂದರೆ ಅಮೆರಿಕದ ಮೂಲನಿವಾಸಿಗಳ ಜೋಳದ ಹಿಟ್ಟು, ಮುಸುಕಿನ ಜೋಳದ್ದು. ನ್ಯೂಯಾರ್ಕಿನ ಏಸಾ ಫಿಚ್ 1856ರಲ್ಲಿ ಕೊಟ್ಟ ಹೆಸರು ಅದು. ಅಂಗಡಿಯಲ್ಲಿ ಸಿಗುವ ಅಂಟುಬಲೆ ಇದರ ಗಂಡುಗಳನ್ನಷ್ಟೇ ಹಿಡಿಯುತ್ತದೆ. ಆಗಲೇ ಕೂಡಿದ ಹೆಣ್ಣು ಮೊಟ್ಟೆಯಿಡುತ್ತಲೇ ಇರುತ್ತದೆ. ಬಲೆಗೆ ಪತಂಗ ಬಿದ್ದರೆ ಎಲ್ಲೋ ಒಂದು ಡಬ್ಬಿ ಕೆಟ್ಟಿದೆ ಎಂದರ್ಥ. ಅದನ್ನು ಹುಡುಕಿ ತೆಗೆಯುವುದೇ ಚಿಕಿತ್ಸೆ. ಹಿತ್ತಲಿನ ಗುಲಾಬಿಗೆ ಬರುವ ಜಪಾನೀ ದುಂಬಿಯ ಬಲೆಯಂತೂ ತಾನು ಹಿಡಿಯುವುದಕ್ಕಿಂತ ಹೆಚ್ಚು ದುಂಬಿಗಳನ್ನು ಅಕ್ಕಪಕ್ಕದಿಂದ ಕರೆತರಬಹುದು. ಆದುದರಿಂದ ಅದನ್ನು ಗುಲಾಬಿಯ ಪಕ್ಕದಲ್ಲಿ ತೂಗುಹಾಕುವುದು ಬೇಡ.

ಜ್ವರಮಾಪಕವೇ ಜ್ವರವನ್ನು ಇಳಿಸುವುದಿಲ್ಲ. ಆದರೆ ಜ್ವರಮಾಪಕವಿಲ್ಲದ ಕಾಲದ ವೈದ್ಯರು ರೋಗಿಗಳ ರಕ್ತ ತೆಗೆದು, ಪಾದರಸ ಕುಡಿಸಿ, ಒಳ್ಳೆಯದನ್ನೇ ಬಯಸಿ ಕೆಡುಕು ಮಾಡಿದ್ದನ್ನು ವೈದ್ಯಶಾಸ್ತ್ರದ ಚರಿತ್ರೆ ಮರೆತಿಲ್ಲ. ಮೆಡ್‌ಫರ್ಡಿನ ಸೀಸ ಮತ್ತು ಆರ್ಸೆನಿಕ್, ಲಾಂಗ್ ಐಲೆಂಡಿನ ಡಿಡಿಟಿ, ಯವತ್ಮಾಳದ ಸಿಂಪಡಣೆ ಇವೆಲ್ಲ ಅಂಥದೇ ಅವಸರದ ಚಿಕಿತ್ಸೆಗಳು.

ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ಹೊಲವೋ ತೋಟವೋ ಇದೆ. ಅಣ್ಣತಮ್ಮಂದಿರೋ ಗುತ್ತಿಗೆದಾರರೋ ನೋಡಿಕೊಳ್ಳುತ್ತಾರೆ; ಖರ್ಚಿನ ಪಟ್ಟಿ ಫೋನಿನಲ್ಲಿ ಬರುತ್ತದೆ; ಅದರಲ್ಲಿ ‘ಔಷಧಿ’ ಎಂಬ ಸಾಲು ಇದ್ದೇ ಇರುತ್ತದೆ. ಮುಂದಿನ ಬಾರಿ ಹಣ ಕಳಿಸುವ ಮುನ್ನ ಎರಡು ಮಾತು ಕೇಳೋಣ: ಬಲೆ ಕಟ್ಟಿದ್ದೀರಾ? ಎಷ್ಟು ಬಿದ್ದಿವೆ? ಬಲೆಯ ಖರ್ಚು ಒಂದು ಸಿಂಪಡಣೆಯ ಖರ್ಚಿನ ಮುಂದೆ ದೊಡ್ಡದಲ್ಲ. ಬೆನ್ನಿಗೆ ಪಂಪು ಹೊತ್ತು ನಮ್ಮ ಹೊಲದ ಸಾಲುಗಳಲ್ಲಿ ನಡೆಯುವ ಆಳು ಸಂಜೆ ಸುರಕ್ಷಿತವಾಗಿ ಮನೆಗೆ ಮರಳುವುದಕ್ಕೆ ಆ ಎರಡು ಪ್ರಶ್ನೆಗಳು ನೆರವಾಗಬಹುದು.